ತಪ್ಪು ಬೆರಳಿನದೋ, ಪರದೆಯದೋ?

ನಮ್ಮ ಕುಟುಂಬಗಳ ಮಕ್ಕಳು ಅನೇಕರು ಇಂದು ಗಣಕ ವಿಜ್ಞಾನದ ವಿದ್ಯಾರ್ಥಿಗಳು. ಉನ್ನತ ಶಿಕ್ಷಣಕ್ಕೆ ಬೆಂಗಳೂರು ನಗರಕ್ಕೇ ತೆರಳಬೇಕೆಂಬ ಕಾಲವೂ ಕಳೆಯಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗದೇನಹಳ್ಳಿಯಲ್ಲಿ 2012ರಿಂದ ಗೀತಂ ವಿಶ್ವವಿದ್ಯಾಲಯದ ಪ್ರಾಂಗಣವೇ ಇದೆ. ಈ ವಿದ್ಯೆಯಲ್ಲಿ ಹಿರಿಯರು ಅಷ್ಟಾಗಿ ಕೇಳಿರದ ಶಾಖೆಯೊಂದುಂಟು. ಅದೇ ಹ್ಯೂಮನ್ ಕಂಪ್ಯೂಟರ್ ಇಂಟರ್‌ಆಕ್ಷನ್, ಎಂದರೆ ಮಾನವನಿಗೂ ಗಣಕಯಂತ್ರಕ್ಕೂ ನಡುವಣ ಸಂವಹನದ ಅಧ್ಯಯನ.

ಈ ಪಾಠ ಕೊಠಡಿಯೊಳಗೇ ಮುಗಿಯುವಂಥದಲ್ಲ. ನಾಲ್ಕೈದು ವಿದ್ಯಾರ್ಥಿಗಳ ತಂಡ ಮೊದಲು ಜನರ ಬಳಿಗೆ ಹೋಗಿ, ಅವರು ಕೆಲಸ ಮಾಡುವ ಬಗೆಯನ್ನು ಮೌನವಾಗಿ ನೋಡಬೇಕು. ಆಮೇಲೆ ಯಂತ್ರದ ಪರದೆಯನ್ನು ಕಾಗದದ ಮೇಲೆ ಬರೆದು ಒಬ್ಬ ಬಳಕೆದಾರರ ಮುಂದಿಡಬೇಕು. ಅವರು ಚಿತ್ರವನ್ನು ಮುಟ್ಟಿದಂತೆಲ್ಲ ತಂಡದ ಒಬ್ಬ ಕಾಗದ ಬದಲಿಸುತ್ತಾನೆ; ಇನ್ನೊಬ್ಬ ಅವರು ತಡವರಿಸಿದ ಎಡೆಯನ್ನು ಗುರುತು ಹಾಕಿಕೊಳ್ಳುತ್ತಾನೆ. ಬಳಸುವವರು ಎಡವಿದರೆ ಅದು ಅವರ ಅಜ್ಞಾನವಲ್ಲ, ರಚಿಸಿದವರ ದೋಷ ಎಂಬುದೇ ಇಲ್ಲಿಯ ಮೊದಲ ನಿಯಮ.

ಇದರ ಮಹತ್ವಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಹಳ್ಳಿಯ ಶಾಲೆಗಳಲ್ಲಿ ಒಂದೇ ಗಣಕಯಂತ್ರದ ಮುಂದೆ ಹಲವು ಮಕ್ಕಳು ಗುಂಪುಗೂಡಿ, ಒಬ್ಬನ ಕೈಯಲ್ಲಿ ಮಾತ್ರ ಮೌಸ್ ಉಳಿಯುವುದನ್ನು ಯಾರು ಕಂಡಿಲ್ಲ? 2005ರಲ್ಲಿ ಆರಂಭವಾದ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಉದಯ್ ಸಿಂಗ್ ಪವಾರ್, ಆಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಜೋಯೋಜೀತ್ ಪಾಲ್ ಮೊದಲಾದವರು ಒಂದೇ ಯಂತ್ರಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿದರು. ಬಡ ಕುಟುಂಬಗಳ 238 ಗ್ರಾಮೀಣ ಶಾಲಾ ಮಕ್ಕಳೊಡನೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಐವರು ಒಟ್ಟಿಗೆ ಕುಳಿತರೂ, ಒಂಟಿಯಾಗಿ ಕುಳಿತ ಮಗುವಿನಷ್ಟೇ ಇಂಗ್ಲಿಷ್ ಪದಗಳನ್ನು ಒಬ್ಬೊಬ್ಬರೂ ಕಲಿತರು. ಆಟವನ್ನು ಪೈಪೋಟಿಯಾಗಿ ರಚಿಸುವುದಕ್ಕೂ ಸಹಕಾರವಾಗಿ ರಚಿಸುವುದಕ್ಕೂ ಕಲಿಕೆಯಲ್ಲಿ ಎದ್ದು ಕಾಣುವ ಅಂತರವಿತ್ತು. ಗಂಡುಮಕ್ಕಳ ಕಲಿಕೆ ರಚನೆಗೆ ತಕ್ಕಂತೆ ಏರಿಳಿಯಿತು. ಹೆಣ್ಣುಮಕ್ಕಳದು ಬಹುತೇಕ ಸಮನಾಗಿಯೇ ಇತ್ತು.

ಅದೇ ಕೇಂದ್ರದ ಇಂದ್ರಾಣಿ ಮೇಧಿಯವರು ಓದುಬಾರದ ಮಹಿಳೆಯರಿಗಾಗಿ ಅಕ್ಷರಗಳಿಲ್ಲದ ಪರದೆಗಳನ್ನು ರೂಪಿಸಲು ಬೆಂಗಳೂರಿನ ಕೊಳೆಗೇರಿಗಳಿಗೆ ಹೋದರು. ಬರಿಯ ನಲ್ಲಿಯ ಚಿತ್ರಕ್ಕಿಂತ ನೀರು ಸುರಿಯುವ ನಲ್ಲಿಯ ಚಿತ್ರವೇ ಅವರಿಗೆ ಕೆಲಸವನ್ನು ಸುಲಭವಾಗಿ ತಿಳಿಸಿತು. ಇಂಥ ಸತ್ಯ ಮೇಜಿನ ಮುಂದೆ ಕುಳಿತವನಿಗೆ ಹೊಳೆಯುವುದಿಲ್ಲ.

ಭೂದಾಖಲೆಗಳ ‘ಭೂಮಿ’ ಯೋಜನೆಯನ್ನು ನಮ್ಮ ರೈತರು ಬಲ್ಲರು. 2001ರ ಸುಮಾರಿಗೆ ತಾಲ್ಲೂಕು ಕಚೇರಿಗಳಲ್ಲಿ ಗಣಕೀಕೃತ ಪಹಣಿ ದೊರೆಯತೊಡಗಿದಾಗ, ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನೂ ಇರಿಸಲಾಯಿತು. ಸಿಬ್ಬಂದಿ ತನ್ನ ಜಮೀನಿನ ದಾಖಲೆಯಲ್ಲಿ ಏನು ಮಾಡುತ್ತಿದ್ದಾರೆಂಬುದನ್ನು ಆತನೂ ಕಾಣಬೇಕೆಂಬುದು ಅದರ ಉದ್ದೇಶ. ಪರದೆ ಯಾರ ಕಡೆಗೆ ತಿರುಗಿದೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಎ.ಟಿ.ಎಂ. ಮುಂದೆ ನಿಂತ ಅಜ್ಜಿಯೊಬ್ಬರು ಪರದೆ ಅರ್ಥವಾಗದೆ, ಕಾರ್ಡನ್ನೂ ಗುಟ್ಟಿನ ಸಂಖ್ಯೆಯನ್ನೂ ಅಪರಿಚಿತನಿಗೆ ಒಪ್ಪಿಸುವ ಪ್ರಸಂಗ ಅಪರೂಪವೇನಲ್ಲ. ಆಗ ಕಳೆದುಹೋಗುವುದು ಹಣವೊಂದೇ ಅಲ್ಲ. ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವ ಸ್ವಾತಂತ್ರ್ಯವೂ ಹೌದು.

ಆದುದರಿಂದ ವಿದ್ಯಾರ್ಥಿಗಳಿಗೆ ನಮ್ಮ ವಿನಂತಿ: ನಿಮ್ಮ ತಂಡದ ಪರೀಕ್ಷೆಗೆ ವಿದ್ಯಾರ್ಥಿನಿಲಯದ ಗೆಳೆಯರನ್ನೇ ಕರೆಯಬೇಡಿ. ಅವರು ನಿಮ್ಮಂತೆಯೇ ಯೋಚಿಸುವವರು. ದೊಡ್ಡಬಳ್ಳಾಪುರದ ಮಗ್ಗದ ಮನೆಗೆ, ಹೊಸಕೋಟೆಯ ತರಕಾರಿ ಬೆಳೆಗಾರರ ಬಳಿಗೆ, ದೇವನಹಳ್ಳಿ, ನೆಲಮಂಗಲಗಳ ಬಸ್ ನಿಲ್ದಾಣಗಳಿಗೆ ಹೋಗಿರಿ. ಹೋದವರು ಕಲಿಸಲು ಆತುರಪಡದೆ, ಕೈಕಟ್ಟಿ ಕುಳಿತು ನೋಡಿರಿ.

ಮನೆಯ ಹಿರಿಯರಿಗೂ ಒಂದು ಮಾತು. ಮೊಮ್ಮಕ್ಕಳು ಕಾಗದದ ಪರದೆ ಹಿಡಿದು ಬಂದಾಗ “ಇದೆಲ್ಲ ನಮಗೆ ತಿಳಿಯದು ಮಗು” ಎಂದು ಹಿಂದೆ ಸರಿಯದಿರಿ. ಎಲ್ಲಿ ತಿಳಿಯಲಿಲ್ಲವೋ ಅಲ್ಲಿಯೇ ಬೆರಳಿಟ್ಟು ತೋರಿಸಿರಿ. ಆ ಮಕ್ಕಳಿಗೆ ಅದಕ್ಕಿಂತ ಬೆಲೆಬಾಳುವ ಪಾಠ ಇನ್ನೊಂದಿಲ್ಲ.