ದಿವಾನರ ಮನೆ ಉಳೀತು, ಮಿಕ್ಕವರ ಮನೆಗಳ ಗತಿ ಏನು?

ಹುತ್ತೂರು: ಕೋಲಾರ ಜಿಲ್ಲೆ 2007ರಲ್ಲಿ ಎರಡು ಪಾಲಾದಾಗ ತಾಲ್ಲೂಕು, ಕಚೇರಿ, ಕೆರೆಕಟ್ಟೆಗಳ ಜೊತೆಗೆ ಒಂದು ಹಳೇ ಮನೆಯೂ ಆ ಕಡೆ ಹೋಯಿತು. ಚಿಕ್ಕಬಳ್ಳಾಪುರ ತಾಲ್ಲೂಕು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಅದು. ಜಿಲ್ಲೆ ಬೇರೆ ಆಯಿತು ಅಂತ ಮನುಷ್ಯರು ಬೇರೆ ಆಗ್ತಾರೆಯೇ? ಕೋಲಾರದ ಹಳಬರ ಬಾಯಲ್ಲಿ ಸರ್ ಎಂ.ವಿ. ಇವತ್ತಿಗೂ 'ನಮ್ಮ ಜಿಲ್ಲೆಯವರೇ'.

ಹುತ್ತೂರಿನವರು ಕೋಲಾರಕ್ಕೆ ಬಂದು ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರ ಸೇರಿದರೆ ಅಲ್ಲಿಂದ ಮುದ್ದೇನಹಳ್ಳಿ ಹತ್ತಿರವೇ. ನಂದಿ ಬೆಟ್ಟದ ಸಾಲು ಎದುರಿಗೇ ಕಾಣುತ್ತದೆ.

ದೊಡ್ಡ ಹೆಸರು, ಚಿಕ್ಕ ಮನೆ

ಮೈಸೂರಿನ ದಿವಾನರ ಮನೆ ಎಂದರೆ ಅರಮನೆಯಂಥದ್ದು ಇದ್ದೀತು ಎಂದುಕೊಂಡು ಹೋದವರಿಗೆ ಅಲ್ಲಿ ಕಾಣುವುದು ಹಳ್ಳಿಯ ಸಾಧಾರಣ ಮನೆ. ಸಂಸ್ಕೃತ ಪಂಡಿತರಾದ ಶ್ರೀನಿವಾಸಶಾಸ್ತ್ರಿಗಳು ಮತ್ತು ವೆಂಕಟಲಕ್ಷ್ಮಮ್ಮನವರ ಮಗ ಇಲ್ಲಿ ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದು ಶುರು ಮಾಡಿದ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮುಗಿಸಿ, ಪುಣೆಯಲ್ಲಿ ಇಂಜಿನಿಯರ್ ಆದರು. 1912ರಿಂದ 1918ರವರೆಗೆ ಮೈಸೂರಿನ ದಿವಾನಗಿರಿ. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಪುಟ್ಟ ರೈಲು ಓಡಿದ್ದೂ ಅವರ ಕಾಲದಲ್ಲೇ, 1913ರಲ್ಲಿ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಅಂತ್ಯಸಂಸ್ಕಾರಕ್ಕೆ ಮುದ್ದೇನಹಳ್ಳಿಗೇ ಕರೆತಂದರು. ಸಮಾಧಿ ಇರುವುದು ಹುಟ್ಟಿದೂರಿನ ನೆಲದಲ್ಲೇ.

ದಿವಾನಗಿರಿ ಒಪ್ಪಿಕೊಳ್ಳುವ ಮೊದಲು ನೆಂಟರನ್ನೆಲ್ಲ ಕೂರಿಸಿಕೊಂಡು, 'ಶಿಫಾರಸು ಕೇಳಿಕೊಂಡು ಯಾರೂ ನನ್ನ ಹತ್ತಿರ ಬರಕೂಡದು' ಎಂದು ಮಾತು ತೆಗೆದುಕೊಂಡರಂತೆ. ಜನ ಹೇಳುವ ಈ ಕಥೆಯನ್ನು ಕೇಳಿಕೊಂಡು ಆ ಮನೆಯ ಮುಂದೆ ನಿಂತರೆ ಅದು ಯಾಕೆ ಅಷ್ಟು ಚಿಕ್ಕದಾಗೇ ಉಳಿಯಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮನೆಗೆ ಹೊಂದಿಕೊಂಡೇ ವಸ್ತುಸಂಗ್ರಹಾಲಯವಿದೆ. ಅವರ ಕನ್ನಡಕ, ಪೆನ್ನು, ಬಟ್ಟಲು, ಬಿರುದು ಪ್ರಶಸ್ತಿಗಳು, ಕನ್ನಂಬಾಡಿ ಕಟ್ಟೆಯ ಮಾದರಿ ಅಲ್ಲಿವೆ. ಅಂಗಡಿ ಇಟ್ಟವರು, ಪ್ರೆಸ್ ನಡೆಸುವವರು ನಿಂತು ನೋಡಬೇಕಾದ ಸಾಮಾನೊಂದಿದೆ. ಅದು ಅವರ ವಿಸಿಟಿಂಗ್ ಕಾರ್ಡು ಅಚ್ಚು ಹಾಕುತ್ತಿದ್ದ, ಹೆಸರು ಕೆತ್ತಿದ ಮರದ ತುಂಡು!

ಉಳಿದದ್ದು ತಾನಾಗಿ ಅಲ್ಲ

ಈ ಮನೆ ತಾನಾಗಿ ಉಳಿಯಲಿಲ್ಲ. ಅದನ್ನು ಸ್ಮಾರಕವೆಂದು ನೋಡಿಕೊಳ್ಳಲು ಒಂದು ಟ್ರಸ್ಟ್ ನಿಂತಿತು, ಹಾಗಾಗಿ ಉಳಿಯಿತು. ದೊಡ್ಡವರ ಮನೆಯಾದರೂ ಕಾನೂನಿನ ಕಣ್ಣಿಗೆ ಅದು ಖಾಸಗಿ ಸ್ವತ್ತು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಮೊಮ್ಮಕ್ಕಳಿಗೆ ಪಾಲು ಬರುತ್ತದೆ, ಖಾತೆ ಬದಲಾಗುತ್ತದೆ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಹೆಂಚು ಒಡೆದರೆ ದುಡ್ಡು ಹಾಕೋರು ಯಾರು? ಕೊನೆಗೆ ಮನೆ ಬಿದ್ದು ಸೈಟಾಗುತ್ತದೆ, ಸೈಟಿನಲ್ಲಿ ಮಳಿಗೆ ಏಳುತ್ತದೆ. ಮಕ್ಕಳನ್ನು ದೂರಿ ಫಲವಿಲ್ಲ, ತೆರಿಗೆ ಕಟ್ಟುವವರು ಅವರೇ. ಪುರಾತನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದ್ದು. ಅದರ ರಕ್ಷಣೆ ಸಿಗಬೇಕಾದರೆ ಕಟ್ಟಡಕ್ಕೆ ಕನಿಷ್ಠ 100 ವರ್ಷವಾದರೂ ಆಗಿರಬೇಕು. ಅಷ್ಟರೊಳಗೆ ಎಷ್ಟು ಗೋಡೆ ಬೀಳುತ್ತವೋ!

ಚಿತ್ರದುರ್ಗದಲ್ಲಿ ಆದದ್ದನ್ನೇ ನೋಡಿ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದವರು, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಅಂಥವರ ಮನೆ ಮಾರಾಟಕ್ಕಿದೆ ಎಂದು 2024ರಲ್ಲಿ ಸುದ್ದಿಯಾದಾಗ ನಾಡಿನ ಜನ ಹುಬ್ಬೇರಿಸಿದರು.

ಅಮೆರಿಕದಂಥ ಶ್ರೀಮಂತ ದೇಶದಲ್ಲೂ ಇದೇ ಕಥೆ. ಅವರ ಮೊದಲ ರಾಷ್ಟ್ರಾಧ್ಯಕ್ಷ ವಾಷಿಂಗ್ಟನ್ ಬದುಕಿದ್ದ ಮೌಂಟ್ ವರ್ನನ್ ಮನೆ ಹಾಳಾಗುತ್ತಿದ್ದಾಗ ಕಾಪಾಡಲು ಮುಂದೆ ಬಂದದ್ದು ಹೆಂಗಸರ ಸಂಘ. ಮನೆ ಮತ್ತು 200 ಎಕರೆ ಜಮೀನಿಗೆ 1858ರಲ್ಲಿ ಕರಾರು ಮಾಡಿಕೊಂಡು, ಚಂದಾ ಎತ್ತಿ 2 ಲಕ್ಷ ಡಾಲರ್ ಕೊಟ್ಟರು. ನಮ್ಮಲ್ಲಿ ಅಲಹಾಬಾದಿನ ಆನಂದಭವನವನ್ನು ನೆಹರೂ ಅವರ ಮಗಳು ಇಂದಿರಾ ಗಾಂಧಿ 1970ರಲ್ಲಿ ರಾಷ್ಟ್ರಕ್ಕೆ ಒಪ್ಪಿಸಿದರು. ಎಲ್ಲಾ ಕಡೆಯೂ ಯಾರೋ ಒಬ್ಬರು 'ನಾನಿದ್ದೀನಿ' ಎಂದು ಹೆಗಲು ಕೊಟ್ಟ ಮೇಲೇ ಮನೆ ಉಳಿದಿದೆ.

ನಮ್ಮ ಕಡೆ ಏನಿದೆ?

ಮುದ್ದೇನಹಳ್ಳಿ ಹೋದರೇನಂತೆ, ಕೋಲಾರದ ಪಾಲಿಗೆ ಉಳಿದದ್ದೂ ಸಣ್ಣದಲ್ಲ. 1947ರ ಅಕ್ಟೋಬರ್‌ನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾಗಿ, ಆಮೇಲೆ ಕೇಂದ್ರದ ಮಂತ್ರಿಗಳಾಗಿ, ಮಧ್ಯಪ್ರದೇಶದ ರಾಜ್ಯಪಾಲರಾಗಿ 1976ರಲ್ಲಿ ತೀರಿಕೊಂಡ ಕೆ. ಚೆಂಗಲರಾಯ ರೆಡ್ಡಿಯವರದು ಕ್ಯಾಸಂಬಳ್ಳಿ. ಡಿ.ವಿ. ಗುಂಡಪ್ಪನವರು ಮುಳಬಾಗಿಲಿನವರು, ಅವರ ಮನೆಯಲ್ಲಿ ಸರ್ಕಾರಿ ಕನ್ನಡ ಶಾಲೆ ತೆರೆದದ್ದು ಒಳ್ಳೆಯ ಕೆಲಸ. ಜ್ಞಾನಪೀಠದ ಮಾಸ್ತಿಯವರು ಮಾಲೂರು ಸೀಮೆಯವರು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ದಿನಾ ಬಸ್ಸಿನಲ್ಲಿ ಈ ಊರುಗಳನ್ನು ದಾಟಿ ಹೋಗುವ ಕಾಲೇಜು ಹುಡುಗರನ್ನು ಕೇಳಿದರೆ ಎಷ್ಟು ಜನ ಹೇಳ್ಯಾರು?

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಡ. ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು, ಮನೆ ಇರುವ ಕಡೆ ಒಂದು ಕಲ್ಲು, ಪಂಚಾಯ್ತಿ ಪುಸ್ತಕದಲ್ಲಿ ಒಂದು ಪಟ್ಟಿ ಸಾಕು. ಮಾರುವ ಮುಂಚೆ 'ನಮಗೊಂದು ಮಾತು ಹೇಳಿ' ಎಂದು ಮನೆಯವರನ್ನು ಊರಿನವರು ಕೇಳಿಕೊಂಡರೆ ತಪ್ಪೇನಿಲ್ಲ. ಗೋಡೆ ಬಿದ್ದ ಮೇಲೆ ಜಯಂತಿ ಮಾಡಿ, ಹಾರ ಹಾಕಿ, ಭಾಷಣ ಬಿಗಿದರೆ ಯಾರಿಗೆ ಬಂತು? ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಜಿಲ್ಲಾಡಳಿತ, ಪಂಚಾಯ್ತಿಗಳು ಮತ್ತು ಊರ ಹಿರಿಯರು ಇನ್ನಾದರೂ ಇತ್ತ ಗಮನ ಹರಿಸುವರೇ?