ಬಿಟ್ಟು ಬಿಟ್ಟು ಕಡಿತಗೊಳ್ಳುವ ಗೃಹ ಬ್ರಾಡ್‌ಬ್ಯಾಂಡ್ ಸಂಪರ್ಕ: ದೋಷ ಪತ್ತೆ ಹಾಗೂ ದೂರು ಸಲ್ಲಿಸುವ ವಿಧಾನ

ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಚಂದಾದಾರರ ಮಾಹಿತಿಗಾಗಿ

ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕವು ಪೂರ್ಣವಾಗಿ ನಿಂತುಹೋದಲ್ಲಿ ಅದನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಪರಿಶೀಲನೆಗೆ ಬರುವ ಸಿಬ್ಬಂದಿಗೆ ದೋಷವು ಕಣ್ಣೆದುರಿಗೇ ಇರುತ್ತದೆ. ಆದರೆ ದಿನದಲ್ಲಿ ನಾಲ್ಕಾರು ಬಾರಿ ಕಡಿತಗೊಂಡು, ಕೆಲವು ನಿಮಿಷಗಳಲ್ಲಿ ತಾನಾಗಿಯೇ ಮರಳುವ ಸಂಪರ್ಕದ ವಿಷಯದಲ್ಲಿ ಹಾಗಾಗುವುದಿಲ್ಲ. ಸಿಬ್ಬಂದಿಯು ಭೇಟಿ ನೀಡಿದ ವೇಳೆಯಲ್ಲಿ ಎಲ್ಲವೂ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. "ದೋಷ ಕಂಡುಬಂದಿಲ್ಲ" ಎಂಬ ಷರಾದೊಂದಿಗೆ ದೂರು ಮುಕ್ತಾಯಗೊಳ್ಳುತ್ತದೆ. ಅಂದು ಸಂಜೆಯೇ ತೊಂದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇಂತಹ ದೋಷವನ್ನು ಹಿಡಿಯಲು ಉಪಕರಣಗಳಿಗಿಂತ ಹೆಚ್ಚಾಗಿ ಬೇಕಾಗುವುದು ಅದು ಕಾಣಿಸಿಕೊಂಡ ಸಮಯದ ಲಿಖಿತ ದಾಖಲೆ. ಅದನ್ನು ಇಡಬಲ್ಲವರು ಆ ಮನೆಯಲ್ಲಿ ವಾಸವಿರುವ ಚಂದಾದಾರರು ಮಾತ್ರ.

ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯ ಗಣಿಗಳು 2001ರಲ್ಲಿ ಮುಚ್ಚಿದ ನಂತರ ಈ ಭಾಗದ ಅಸಂಖ್ಯಾತ ದುಡಿಯುವ ಜನರು ಮಾರಿಕುಪ್ಪಂ ಹಾಗೂ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಜೀವನ ಸಾಗಿಸುತ್ತಿದ್ದಾರೆ. 2020ರ ಲಾಕ್‌ಡೌನ್ ಅವಧಿಯ ನಂತರ ವಾರದ ಕೆಲವು ದಿನಗಳಲ್ಲಿ ಮನೆಯಿಂದಲೇ ಕೆಲಸ ನಿರ್ವಹಿಸುವ ಅವಕಾಶವು ಕೆಲವರಿಗೆ ದೊರೆತಿದೆ. ಬೆಳಗಿನ ಜಾವದ ರೈಲನ್ನು ಬಿಟ್ಟು ಮನೆಯಲ್ಲಿ ಉಳಿದವರಿಗೆ ಹತ್ತು ಗಂಟೆಗೆ ಸಂಪರ್ಕ ಕಡಿತಗೊಂಡಲ್ಲಿ ಕಚೇರಿಯನ್ನು ಸಕಾಲದಲ್ಲಿ ತಲುಪುವ ಮಾರ್ಗವೇ ಇರುವುದಿಲ್ಲ. ಒಂದು ದಿನದ ಸಂಬಳಕ್ಕೆ ಅಥವಾ ರಜೆಗೆ ಕುತ್ತು ಬರುತ್ತದೆ. ಅಂತರ್ಜಾಲದ ಮೂಲಕ ಪರೀಕ್ಷೆ ಅಥವಾ ಸಂದರ್ಶನ ಎದುರಿಸುವ ವಿದ್ಯಾರ್ಥಿಗಳ ಸ್ಥಿತಿಯೂ ಇದೇ ಆಗಿದೆ.

ಮೊದಲ ಹೆಜ್ಜೆ: ಒಂದು ವಾರದ ದಾಖಲೆ

ರೂಟರಿನ ಬಳಿ ಒಂದು ನೋಟ್‌ಪುಸ್ತಕವನ್ನು ಇಡತಕ್ಕದ್ದು. ಸಂಪರ್ಕವು ಕಡಿತಗೊಂಡಾಗಲೆಲ್ಲ ದಿನಾಂಕ, ಕಡಿತಗೊಂಡ ಸಮಯ, ಮರಳಿದ ಸಮಯ, ಆ ಕ್ಷಣದಲ್ಲಿ ಪೆಟ್ಟಿಗೆಯ ಮೇಲೆ ಯಾವ ದೀಪ ಯಾವ ಬಣ್ಣದಲ್ಲಿತ್ತು ಎಂಬುದನ್ನು ಬರೆದುಕೊಳ್ಳುವುದು. ಜೊತೆಗೆ ಮಳೆ, ಗಾಳಿ, ವಿದ್ಯುತ್ ಕಡಿತ ಇವುಗಳಲ್ಲಿ ಯಾವುದಾದರೂ ಇತ್ತೇ ಎಂಬ ಒಂದು ಮಾತು ಇರಲಿ. ಮೊಬೈಲ್ ಫೋನಿನಲ್ಲಿ ದೀಪಗಳ ಛಾಯಾಚಿತ್ರ ತೆಗೆದುಕೊಂಡರೆ ಇನ್ನೂ ಉತ್ತಮ. ಅದರಲ್ಲಿ ಸಮಯವು ತಾನಾಗಿಯೇ ದಾಖಲಾಗುತ್ತದೆ. ಸಂಪರ್ಕ ಹೋದ ಕೂಡಲೇ ರೂಟರನ್ನು ಆರಿಸಿ ಮತ್ತೆ ಹೊತ್ತಿಸುವುದು ಬಹುತೇಕ ಮನೆಗಳ ರೂಢಿ. ದೀಪಗಳನ್ನು ನೋಡುವ ಮೊದಲು ಹೀಗೆ ಮಾಡಿದಲ್ಲಿ ಇರುವ ಒಂದೇ ಸಾಕ್ಷ್ಯವೂ ಅಳಿಸಿಹೋಗುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಉದಾಹರಣೆಗೆ, ರಾಬರ್ಟ್‌ಸನ್‌ಪೇಟೆಯ ಒಂದು ಮನೆಯ ಪುಸ್ತಕದಲ್ಲಿ ಹೀಗೆ ಬರೆದಿದೆಯೆಂದು ಭಾವಿಸಿ: ಸೋಮವಾರ ರಾತ್ರಿ ಮಳೆ, ಮಂಗಳವಾರ ಬೆಳಿಗ್ಗೆ 6ರಿಂದ 11ರವರೆಗೆ ಐದು ಬಾರಿ ಕಡಿತ, ಮಧ್ಯಾಹ್ನದ ನಂತರ ತೊಂದರೆ ಇಲ್ಲ, ಬುಧವಾರ ಬಿಸಿಲು, ತೊಂದರೆ ಇಲ್ಲ, ಗುರುವಾರ ರಾತ್ರಿ ಮಳೆ, ಶುಕ್ರವಾರ ಬೆಳಿಗ್ಗೆ ಮತ್ತೆ ನಾಲ್ಕು ಬಾರಿ. ಇಷ್ಟನ್ನು ಓದಿದ ಯಾವುದೇ ಅನುಭವಿ ಸಿಬ್ಬಂದಿಯು ಮನೆಯೊಳಗಿನ ರೂಟರನ್ನು ಮುಟ್ಟದೆ ನೇರವಾಗಿ ಹೊರಗಿನ ತಂತಿಯ ಕೀಲುಗಳನ್ನು ನೋಡಲು ಹೋಗುತ್ತಾರೆ.

ದೋಷವು ಮನೆಯ ಒಳಗೋ ಹೊರಗೋ

ಅಂತರ್ಜಾಲವು ಚಂದಾದಾರರ ಮೊಬೈಲ್ ಅಥವಾ ಗಣಕಯಂತ್ರವನ್ನು ತಲುಪುವ ದಾರಿಯಲ್ಲಿ ಕೊನೆಯ ಭಾಗ ವೈ-ಫೈ. ಮಿಕ್ಕೆಲ್ಲವೂ ಸರಿಯಿದ್ದು ಈ ಭಾಗ ಮಾತ್ರ ಕೆಟ್ಟಿರುವ ಸಂದರ್ಭಗಳು ಸಾಕಷ್ಟಿವೆ. ಆದ್ದರಿಂದ ಗಣಕಯಂತ್ರವನ್ನು ಜಾಲದ ತಂತಿಯ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ಒಂದು ದಿನ ಉಪಯೋಗಿಸಿ ನೋಡತಕ್ಕದ್ದು. ತಂತಿಯಲ್ಲಿ ಕಡಿತವಾಗದೆ ವೈ-ಫೈನಲ್ಲಿ ಮಾತ್ರ ಕಡಿತವಾದಲ್ಲಿ ದೂರು ಸಲ್ಲಿಸುವ ಅಗತ್ಯವಿಲ್ಲ. ಪರಿಹಾರ ಮನೆಯಲ್ಲೇ ಇದೆ.

ಗಣಕಯಂತ್ರದ ಬಳಕೆ ತಿಳಿದವರು "ಪಿಂಗ್" ಎಂಬ ಆದೇಶದ ಮೂಲಕ ಇದನ್ನು ಇನ್ನಷ್ಟು ನಿಖರವಾಗಿ ಅರಿಯಬಹುದು. ಎರಡು ಆದೇಶ ಕಿಟಕಿಗಳನ್ನು ತೆರೆದು, ಒಂದರಲ್ಲಿ ರೂಟರಿನ ವಿಳಾಸವನ್ನೂ (ಸಾಮಾನ್ಯವಾಗಿ 192.168.1.1, ನಿಖರ ವಿಳಾಸ ರೂಟರಿನ ಅಡಿಭಾಗದ ಚೀಟಿಯಲ್ಲಿರುತ್ತದೆ) ಮತ್ತೊಂದರಲ್ಲಿ ಹೊರಗಿನ ಒಂದು ವಿಳಾಸವನ್ನೂ (ಉದಾಹರಣೆಗೆ 8.8.8.8) ನೀಡುವುದು. ವಿಂಡೋಸ್ ಗಣಕಗಳಲ್ಲಿ ವಿಳಾಸದ ನಂತರ ಜಾಗ ಬಿಟ್ಟು ಅಡ್ಡಗೆರೆ ಹಾಗೂ ಇಂಗ್ಲಿಷಿನ 'ಟಿ' ಅಕ್ಷರವನ್ನು ಸೇರಿಸಿದಲ್ಲಿ ಪರೀಕ್ಷೆಯು ನಿಲ್ಲಿಸುವವರೆಗೆ ಮುಂದುವರಿಯುತ್ತದೆ. ಸಂಪರ್ಕ ಕಡಿತಗೊಂಡ ಕ್ಷಣದಲ್ಲಿ ಎರಡೂ ಕಿಟಕಿಗಳಲ್ಲಿ ಉತ್ತರ ನಿಂತರೆ ದೋಷವು ರೂಟರಿನಲ್ಲಿ ಅಥವಾ ವೈ-ಫೈನಲ್ಲಿದೆ. ರೂಟರ್ ಉತ್ತರಿಸುತ್ತಿದ್ದು ಹೊರಗಿನ ವಿಳಾಸ ಮಾತ್ರ ನಿಂತರೆ ದೋಷವು ತಂತಿಯಲ್ಲಿ ಅಥವಾ ಸೇವಾದಾತರಲ್ಲಿದೆ. ಎರಡೂ ಉತ್ತರಿಸುತ್ತಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದಲ್ಲಿ, ಹೆಸರನ್ನು ವಿಳಾಸಕ್ಕೆ ಪರಿವರ್ತಿಸುವ ಡಿ.ಎನ್.ಎಸ್. ಸೇವೆಯಲ್ಲಿ ತೊಂದರೆ ಇರುವ ಸಾಧ್ಯತೆ ಹೆಚ್ಚು.

ವೈ-ಫೈ ಬಗ್ಗೆ ಈ ಊರುಗಳಿಗೆ ಸಂಬಂಧಿಸಿದ ಒಂದು ಮಾತು. ಗಣಿ ಕಂಪನಿಯ ಕಾಲದ ಬಂಗಲೆಗಳ ದಪ್ಪ ಗೋಡೆಗಳು ರೇಡಿಯೋ ತರಂಗಗಳನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ. ಕಾರ್ಮಿಕರ ಲೈನ್ ಮನೆಗಳ ತಗಡುಗಳು ಅವುಗಳನ್ನು ಹಿಂದಕ್ಕೆ ತಳ್ಳುತ್ತವೆ. 5 ಗಿಗಾಹರ್ಟ್ಸ್ ತರಂಗಗಳಿಗೆ ಗೋಡೆಯನ್ನು ದಾಟುವ ಶಕ್ತಿ ಇನ್ನೂ ಕಡಿಮೆ. 2.4 ಗಿಗಾಹರ್ಟ್ಸ್ ತರಂಗಗಳು ದೂರ ಹೋಗುತ್ತವೆಯಾದರೂ, ಒಂದಕ್ಕೊಂದು ಅಂಟಿಕೊಂಡ ಲೈನ್ ಮನೆಗಳಲ್ಲಿ ಹತ್ತಾರು ರೂಟರ್‌ಗಳು ಅದನ್ನೇ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಅಂತಹ ಕಡೆ 1, 6 ಅಥವಾ 11ನೇ ಚಾನೆಲ್‌ಗಳಲ್ಲಿ ದಟ್ಟಣೆ ಕಡಿಮೆ ಇರುವುದನ್ನು ಆರಿಸಿಕೊಳ್ಳುವುದು. ಟಿ.ವಿ.ಯ ಹಿಂಭಾಗದಲ್ಲಿ, ಗೋದ್ರೇಜ್ ಬೀರುವಿನ ಮೇಲೆ ರೂಟರನ್ನು ಇಡುವುದು ಸೂಕ್ತವಲ್ಲ.

ವಿದ್ಯುತ್

1902ರಲ್ಲಿಯೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ವಿದ್ಯುತ್ತನ್ನು ತರಿಸಿಕೊಂಡ ಹೆಗ್ಗಳಿಕೆ ಕೋಲಾರ ಚಿನ್ನದ ಗಣಿಗಳದ್ದು. ಆದಾಗ್ಯೂ ಇಂದಿನ ಬ್ರಾಡ್‌ಬ್ಯಾಂಡ್ ಕಡಿತಗಳಲ್ಲಿ ಹಲವಕ್ಕೆ ವಿದ್ಯುತ್ತೇ ಮೂಲ. ಒಂದು ಕ್ಷಣ ದೀಪ ಮಿಣುಕಿದರೂ ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದು ಮರಳಿ ಸಂಪರ್ಕ ಪಡೆಯಲು ಎರಡು ಮೂರು ನಿಮಿಷಗಳು ಬೇಕು. ಮನೆಯಲ್ಲಿ ಇನ್‌ವರ್ಟರ್ ಇದ್ದರೂ ಅದು ಬ್ಯಾಟರಿಗೆ ಬದಲಾಗುವ ಆ ಅಲ್ಪ ಅವಧಿಯನ್ನು ಕೆಲವು ರೂಟರ್‌ಗಳು ತಡೆದುಕೊಳ್ಳುವುದಿಲ್ಲ. ಮಾರುಕಟ್ಟೆಯಲ್ಲಿ ರೂಟರಿಗೆಂದೇ ದೊರೆಯುವ ಸಣ್ಣ ಯು.ಪಿ.ಎಸ್. ಇದಕ್ಕೆ ಪರಿಹಾರ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ನಮೂದಿಸಿರುವ ವೋಲ್ಟ್ ಹಾಗೂ ಆಂಪಿಯರ್ ಪ್ರಮಾಣವನ್ನು ತಾಳೆ ನೋಡತಕ್ಕದ್ದು.

ಅಡಾಪ್ಟರ್ ಹಳೆಯದಾದಲ್ಲಿಯೂ ಇದೇ ಲಕ್ಷಣ ಕಾಣುತ್ತದೆ. ವಿದ್ಯುತ್ ಇದ್ದಾಗಲೇ ಪೆಟ್ಟಿಗೆಯ ಎಲ್ಲ ದೀಪಗಳೂ ಒಮ್ಮೆಗೆ ಆರಿ ಹೊತ್ತಿಕೊಂಡರೆ, ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಮೊದಲು ಅದನ್ನು ಬದಲಾಯಿಸಿ ನೋಡುವುದು. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಈ ಕೆಲಸಕ್ಕೆ ವಾರಗಟ್ಟಲೆ ದೂರು ನೀಡಿ ಕಾಯುವುದುಂಟು.

ಮನೆಯಲ್ಲಿ ರೂಟರಿಗೆ ವಿದ್ಯುತ್ ಇದ್ದು, ಬಡಾವಣೆಯಲ್ಲಿ ವಿದ್ಯುತ್ ಹೋಗಿ ಅರ್ಧ ಗಂಟೆ ಅಥವಾ ಒಂದು ಗಂಟೆಯ ನಂತರ ಸಂಪರ್ಕ ನಿಲ್ಲುತ್ತಿದ್ದಲ್ಲಿ, ಅದು ಸೇವಾದಾತರ ಸ್ಥಳೀಯ ಉಪಕರಣದ ಬ್ಯಾಟರಿ ದುರ್ಬಲವಾಗಿರುವುದರ ಸೂಚನೆ. ಅದೇ ಸಂಸ್ಥೆಯ ಸಂಪರ್ಕ ಹೊಂದಿರುವ ನೆರೆಮನೆಯವರಲ್ಲಿ ವಿಚಾರಿಸಿ, ಅವರಿಗೂ ಅದೇ ವೇಳೆಗೆ ನಿಂತಿದ್ದಲ್ಲಿ ಆ ಅಂಶವನ್ನು ದೂರಿನಲ್ಲಿ ಕಾಣಿಸತಕ್ಕದ್ದು.

ಹೊರಗಿನ ತಂತಿ

ಭಾರತ ಸಂಚಾರ ನಿಗಮವು 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದಾಗ ಅದು ದೂರವಾಣಿಯ ತಾಮ್ರದ ಜೋಡಿ ತಂತಿಯ ಮೇಲೆಯೇ ಬರುತ್ತಿತ್ತು. ಇಂದು ಹೊಸ ಸಂಪರ್ಕಗಳು ಗಾಜಿನ ಎಳೆಯ, ಅಂದರೆ ಫೈಬರ್ ಮೂಲಕವೇ ಬರುತ್ತಿವೆ. ಎರಡರ ದೋಷದ ಸ್ವಭಾವ ಬೇರೆ.

ತಾಮ್ರದ ತಂತಿಗೆ ನೀರೇ ಶತ್ರು. ಮೇ ತಿಂಗಳ ಗುಡುಗು ಮಳೆಯಲ್ಲಿ, ಸೆಪ್ಟೆಂಬರ್-ಅಕ್ಟೋಬರ್ ಮಳೆಗಾಲದಲ್ಲಿ ಕೀಲುಗಳಿಗೆ ತೇವ ಇಳಿದು ಸಂಕೇತ ಕ್ಷೀಣಿಸುತ್ತದೆ. ಬಿಸಿಲು ಬಂದು ಒಣಗಿದ ಮೇಲೆ ಎಲ್ಲವೂ ಸರಿಹೋಗುತ್ತದೆ. ಮಾರನೆಯ ದಿನ ಮಧ್ಯಾಹ್ನ ಬರುವ ಸಿಬ್ಬಂದಿಗೆ ದೋಷ ಕಾಣದಿರುವುದಕ್ಕೆ ಕಾರಣ ಇದೇ. ಮಳೆ ನಿಂತ ಕೂಡಲೇ ದೂರವಾಣಿಯ ರಿಸೀವರ್ ಎತ್ತಿ ಕೇಳಿದಲ್ಲಿ ಕರಕರ ಶಬ್ದ ಕೇಳಿಸುತ್ತದೆ. ದೂರವಾಣಿ ಕರೆ ಬಂದಾಗಲೆಲ್ಲ ಸಂಪರ್ಕ ಹೋಗುತ್ತಿದ್ದಲ್ಲಿ ಮಾತ್ರ ದೋಷವು ಮನೆಯೊಳಗಿನ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿಯದು.

ಫೈಬರ್ ನೀರಿಗೆ ಅಷ್ಟಾಗಿ ಹೆದರದು; ಬಾಗುವಿಕೆಗೆ ಮತ್ತು ಧೂಳಿಗೆ ಹೆದರುತ್ತದೆ. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ, ಮೊಳೆಗೆ ಬಿಗಿಯಾಗಿ ಸುತ್ತಿದ, ಬೀರುವಿನ ಹಿಂದೆ ಅದುಮಿಟ್ಟ ಎಳೆಯಿಂದ ಬೆಳಕು ಸೋರಿಹೋಗುತ್ತದೆ. ಕಂಬದಿಂದ ಕಂಬಕ್ಕೆ ಸಡಿಲವಾಗಿ ತೂಗುವ ಎಳೆಯು ಗಾಳಿಗೆ ಅಲುಗಿದಾಗ, ಅಳಿಲು ಕಡಿದು ಅರೆಬರೆ ಉಳಿದಾಗ ಸಂಪರ್ಕವು ಬಂದು ಹೋಗುತ್ತಿರುತ್ತದೆ. ಇಂತಹ ಸಮಯದಲ್ಲಿ ಪೆಟ್ಟಿಗೆಯ ಮೇಲೆ ಎಲ್.ಓ.ಎಸ್. ಎಂಬ ಮೂರು ಇಂಗ್ಲಿಷ್ ಅಕ್ಷರಗಳ ದೀಪವು ಕೆಂಪಾಗಿ ಮಿಣುಕುತ್ತದೆ. ಬೆಳಕು ತಲುಪುತ್ತಿಲ್ಲ ಎಂಬುದು ಅದರ ಅರ್ಥ. ಆ ಕೆಂಪು ದೀಪದ ಒಂದು ಛಾಯಾಚಿತ್ರವು ಹತ್ತು ಬಾರಿಯ ದೂರವಾಣಿ ಮಾತುಕತೆಗಿಂತ ಹೆಚ್ಚು ಉಪಯುಕ್ತ.

ಮನೆಗೆ ತಲುಪುವ ಬೆಳಕಿನ ಪ್ರಮಾಣವನ್ನು ಅನೇಕ ಪೆಟ್ಟಿಗೆಗಳ ವಿವರ ಪುಟದಲ್ಲಿ ನೋಡಬಹುದು. ಸಾಮಾನ್ಯ ಬಳಕೆಯ ಜಿಪಾನ್ ಉಪಕರಣಗಳಲ್ಲಿ ಇದು -8ರಿಂದ -27 ಡಿ.ಬಿ.ಎಂ. ಒಳಗೆ ಇರಬೇಕು. -20ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. -26, -27ರ ಅಂಚಿನಲ್ಲಿದ್ದರೆ, ಇಂದು ಕೆಲಸ ಮಾಡುತ್ತಿದ್ದರೂ ನಾಳೆ ಸ್ವಲ್ಪ ಗಾಳಿ ಬೀಸಿದಲ್ಲಿ ಕಡಿತ ಖಚಿತ. ಪ್ರತಿ 3 ಅಂಕಿ ಇಳಿದಂತೆ ಬೆಳಕು ಅರ್ಧಕ್ಕೆ ಇಳಿದಿದೆ ಎಂದು ತಿಳಿಯುವುದು. ಸಿಬ್ಬಂದಿಯು ಅಳತೆ ಮಾಡಿದಾಗ ಆ ಅಂಕಿಯನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮುಂದಿನ ಬಾರಿ ಹೋಲಿಸಲು ಬೇಕಾಗುತ್ತದೆ. ಹಸಿರು ಬಣ್ಣದ ಕನೆಕ್ಟರಿಗೆ ನೀಲಿ ಬಣ್ಣದ್ದನ್ನು ಜೋಡಿಸಿದ್ದಲ್ಲಿ ತುದಿಗಳು ಸರಿಯಾಗಿ ಕೂಡದೆ ಬೆಳಕು ನಷ್ಟವಾಗುತ್ತದೆ. ಇದನ್ನು ಯಾರೂ ನೋಡಿಯೇ ಹೇಳಬಹುದು.

ಎಚ್ಚರಿಕೆ: ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿನಿಂದ ನೋಡಕೂಡದು, ಅದರಲ್ಲಿ ಹರಿಯುವ ಕಿರಣವು ಕಣ್ಣಿಗೆ ಕಾಣುವುದಿಲ್ಲವಾದರೂ ಹಾನಿ ಮಾಡಬಲ್ಲದು. ಈ ಎಳೆಗಳು ವಿದ್ಯುತ್ ಕಂಬಗಳ ಮೇಲೂ ಹಾದುಹೋಗುವುದರಿಂದ ಚಂದಾದಾರರು ಯಾವ ಕಾರಣಕ್ಕೂ ಕಂಬವನ್ನು ಏರತಕ್ಕದ್ದಲ್ಲ. ಸಿಡಿಲಿನ ಸಮಯದಲ್ಲಿ ತಾಮ್ರದ ಸಂಪರ್ಕದ ಮೋಡೆಮ್ಮನ್ನು ದೂರವಾಣಿ ತಂತಿ ಹಾಗೂ ವಿದ್ಯುತ್ ಎರಡರಿಂದಲೂ ಬೇರ್ಪಡಿಸುವುದು.

ಸಂಜೆ ನಿಧಾನವಾಗುವುದು

ರಾತ್ರಿ 8ರಿಂದ 11ರವರೆಗೆ ಮಾತ್ರ ವೇಗ ಕುಗ್ಗಿ, ದೀಪಗಳೆಲ್ಲ ಹಸಿರಾಗಿಯೇ ಇದ್ದಲ್ಲಿ ಅದು ತಂತಿಯ ದೋಷವಲ್ಲ. ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದು. ಅದಕ್ಕೂ ಮುಂದೆ ಸೇವಾದಾತರ ಮುಖ್ಯ ಕೊಂಡಿಯಲ್ಲಿಯೂ ದಟ್ಟಣೆ ಇರಬಹುದು. ಇಂತಹ ದೂರನ್ನು "ಕಡಿತ" ಎಂದು ಬರೆಯದೆ "ವೇಗದ ಕೊರತೆ" ಎಂದೇ ಬರೆಯತಕ್ಕದ್ದು. ಇಲ್ಲವಾದಲ್ಲಿ ತಂತಿಯನ್ನು ಪರೀಕ್ಷಿಸಿ ದೂರನ್ನು ಮುಗಿಸಲಾಗುತ್ತದೆ. ಬೆಳಿಗ್ಗೆ ಹಾಗೂ ರಾತ್ರಿ, ತಂತಿಯ ಮೂಲಕ ಅಳೆದ ವೇಗವನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸುವುದು.

ದೂರು

"ನೆಟ್ ಬರುತ್ತಿಲ್ಲ" ಎಂಬ ದೂರಿಗೆ ಸಿಗುವ ಉತ್ತರ "ರೂಟರ್ ಆರಿಸಿ ಹೊತ್ತಿಸಿ" ಎಂಬುದಷ್ಟೇ. ಬದಲಿಗೆ ಈ ರೀತಿ ಬರೆಯಬಹುದು: "ಕಳೆದ ಏಳು ದಿನಗಳಲ್ಲಿ 14 ಬಾರಿ ಸಂಪರ್ಕ ಕಡಿತಗೊಂಡಿದೆ. ಪ್ರತಿ ಬಾರಿಯೂ ಎಲ್.ಓ.ಎಸ್. ದೀಪ ಕೆಂಪಾಗಿತ್ತು. ಆ ವೇಳೆ ಮನೆಯಲ್ಲಿ ವಿದ್ಯುತ್ ಇತ್ತು. 11 ಬಾರಿ ಗಾಳಿ ಇತ್ತು. ಸಮಯಗಳ ಪಟ್ಟಿ ಲಗತ್ತಿಸಿದೆ. ಕಂಬದಿಂದ ಮನೆಯವರೆಗಿನ ಎಳೆಯನ್ನು ಪರೀಕ್ಷಿಸಲು ಕೋರಿದೆ."

ದೂರು ನೀಡಿದಾಗ ಡಾಕೆಟ್ ಸಂಖ್ಯೆಯನ್ನು ಕಡ್ಡಾಯವಾಗಿ ಪಡೆಯತಕ್ಕದ್ದು. ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಹೊರಡಿಸಿದ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಪ್ರತಿ ಸೇವಾದಾತರಲ್ಲಿ ಎರಡು ಹಂತಗಳಿವೆ: ಮೊದಲು ದೂರು ಕೇಂದ್ರ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕವಿಲ್ಲ. ಡಾಕೆಟ್ ಸಂಖ್ಯೆ ಇಲ್ಲದೆ ಎರಡನೆಯ ಹಂತಕ್ಕೆ ಹೋಗಲು ಆಧಾರವೇ ಇರುವುದಿಲ್ಲ. ನಿಯಂತ್ರಣ ಪ್ರಾಧಿಕಾರವು ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಣೆ ಮಾಡುವುದಿಲ್ಲ. ದೂರಸಂಪರ್ಕ ಸೇವೆಯ ಕೊರತೆಗಾಗಿ ಗ್ರಾಹಕರು ಗ್ರಾಹಕ ವೇದಿಕೆಗಳ ಮುಂದೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ. ಈ ತಾಲ್ಲೂಕುಗಳ ಗ್ರಾಹಕರಿಗೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಮೊದಲು ಕೇಳುವುದು ದಿನಾಂಕಗಳನ್ನೇ.

ದುರಸ್ತಿಯ ನಂತರ ದೂರನ್ನು ಮುಕ್ತಾಯಗೊಳಿಸಲು ಸಿಬ್ಬಂದಿಯು ಸಹಿ ಅಥವಾ ಓ.ಟಿ.ಪಿ. ಕೇಳಿದಲ್ಲಿ, ಏನನ್ನು ಬದಲಾಯಿಸಲಾಯಿತು ಎಂಬುದನ್ನು ಮೊದಲು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಏನನ್ನೂ ಬದಲಾಯಿಸದೆ "ಈಗ ಸರಿಯಿದೆ" ಎಂದಷ್ಟೇ ಹೇಳಿದಲ್ಲಿ, ಮುಂದಿನ ಮಳೆ ಅಥವಾ ಗಾಳಿಯವರೆಗೆ ದೂರನ್ನು ತೆರೆದಿಡುವಂತೆ ಕೋರಬಹುದು. ಅವರು ಒಪ್ಪದಿದ್ದಲ್ಲಿ, ಹಿಂದಿನ ಡಾಕೆಟ್ ಸಂಖ್ಯೆಯನ್ನು ನಮೂದಿಸಿ ಮುಂದಿನ ಕಡಿತದ ದಿನವೇ ಹೊಸ ದೂರು ಸಲ್ಲಿಸತಕ್ಕದ್ದು.