ಎಂಜಿನ್ ಸುಮ್ಮನಾದ ಮೇಲೆ ಕೇಳಿಸಿದ ಸದ್ದುಗಳು

2014ರ ಜುಲೈ ಕೊನೆಯಲ್ಲಿ ಟೆಸ್ಲಾ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಹೂಡಿಕೆದಾರರ ಜೊತೆ ಫೋನಿನಲ್ಲಿ ಮಾತಾಡುವಾಗ ಒಂದು ಸಂಗತಿಯನ್ನು ಒಪ್ಪಿಕೊಂಡರು. ಮಾಡೆಲ್ ಎಸ್ ಕಾರು ಗುಂಯ್‌ಗುಡುತ್ತಿದೆ ಎಂದು ಮಾಲೀಕರು ದೂರು ತಂದಾಗ ಸರ್ವೀಸ್ ಸೆಂಟರಿನವರು ಮೋಟಾರು, ಇನ್ವರ್ಟರು, ಗಿಯರ್‌ಬಾಕ್ಸು ಒಟ್ಟಿಗಿರುವ ಡ್ರೈವ್ ಯೂನಿಟ್ಟನ್ನೇ ಇಳಿಸಿ ಹೊಸದನ್ನು ಕೂರಿಸುತ್ತಿದ್ದರು. ಹಾಗೆ ಬದಲಿಸಿದ್ದರಲ್ಲಿ ಹಲವಕ್ಕೆ ಅದು ಬೇಕಾಗಿಯೇ ಇರಲಿಲ್ಲ. ಕೆಲವು ಕಾರುಗಳಲ್ಲಿ ಪವರ್ ಕೇಬಲ್ಲು ಯೂನಿಟ್ಟಿಗೆ ತಾಗಿ ಅದುರುತ್ತಿತ್ತು. ಬೇಕಾಗಿದ್ದದ್ದು ಅದನ್ನು ಬಿಗಿದು ಕಟ್ಟುವ ಒಂದು ಪ್ಲಾಸ್ಟಿಕ್ ಟೈ. ಇನ್ನು ಕೆಲವಕ್ಕೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಸಡಿಲ ತೆಗೆಯಲು ಒಂದು ಶಿಮ್, ಅಂದರೆ ತೆಳು ಲೋಹದ ತುಣುಕು, ಸಾಕಿತ್ತು. ಎರಡೂ ಪುಡಿಗಾಸಿನ ವಸ್ತುಗಳು. ಅದೇ ಆಗಸ್ಟ್‌ನಲ್ಲಿ ಕಂಪನಿ ಡ್ರೈವ್ ಯೂನಿಟ್ಟಿಗೆ ಎಂಟು ವರ್ಷಗಳ, ಕಿಲೋಮೀಟರ್ ಮಿತಿಯಿಲ್ಲದ ವಾರಂಟಿ ಘೋಷಿಸಿತು.

ಎಲೆಕ್ಟ್ರಿಕ್ ಕಾರಿನ ಸದ್ದನ್ನು ಕೇಳಿ ರೋಗ ಹೇಳುವ ವಿದ್ಯೆ ಎಷ್ಟು ಹೊಸದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ. ಪೆಟ್ರೋಲ್ ಕಾರಿನ ವಿಷಯದಲ್ಲಿ ಈ ವಿದ್ಯೆಗೆ ನೂರು ವರ್ಷದ ಪರಂಪರೆಯಿದೆ. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಟ್ಯಾಪೆಟ್ಟೋ ಆಲ್ಟರ್ನೇಟರ್ ಬೇರಿಂಗೋ ಎಂದು ಹೇಳಿಬಿಡುವ ಮೆಕ್ಯಾನಿಕ್ಕುಗಳು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಬ್ಯಾಟರಿ ಕಾರಿನಲ್ಲಿ ಆ ಕಿವಿಗೆ ಪರಿಚಯವಿದ್ದ ಎಂಜಿನ್ ಸದ್ದುಗಳೇ ಇಲ್ಲ.

ಎಂಜಿನ್ ತನ್ನ ಗದ್ದಲದಲ್ಲಿ ಬೇರೆಲ್ಲ ಸದ್ದುಗಳನ್ನೂ ಮುಚ್ಚಿಹಾಕುತ್ತಿತ್ತು. ಟೈರಿನ ಗೊರಗೊರ, ಸಸ್ಪೆನ್ಷನ್ ಬುಷ್ಷಿನ ಕಿರುಗು, ಡ್ಯಾಶ್‌ಬೋರ್ಡಿನ ಕಟಕಟ ಹಳೆಯ ಕಾರಿನಲ್ಲೂ ಇದ್ದವು. ಎಂಜಿನ್ ಹೋದದ್ದೇ ಅವು ಕಿವಿಗೆ ಬಿದ್ದವು. ಅದರ ಜೊತೆಗೆ ಈ ಕಾರುಗಳಿಗೆ ಮಾತ್ರ ಸೇರಿದ ಸದ್ದುಗಳೂ ಬಂದವು. ಸ್ಟಾರ್ಟ್ ಬಟನ್ ಒತ್ತಿದಾಗ ಸೀಟಿನ ಕೆಳಗೆಲ್ಲೋ ಕೇಳುವ ಟಕ್ ಎಂಬ ಸದ್ದು, ಬ್ಯಾಟರಿಯನ್ನು ಕಾರಿನ ಸರ್ಕ್ಯೂಟಿಗೆ ಜೋಡಿಸುವ ಕಾಂಟ್ಯಾಕ್ಟರ್ ಮುಚ್ಚಿಕೊಂಡದ್ದು. ಫಾಸ್ಟ್ ಚಾರ್ಜಿಂಗ್ ವೇಳೆ ನಿಂತ ಕಾರು ಭುಸುಗುಡುವುದು ಬ್ಯಾಟರಿಯನ್ನು ತಣ್ಣಗಿಡಲು ಫ್ಯಾನು, ಕಂಪ್ರೆಸರು ಓಡುತ್ತಿರುವುದರಿಂದ. ಇವೆರಡೂ ಆರೋಗ್ಯದ ಲಕ್ಷಣಗಳೇ. ಹೊಸ ಮಾಲೀಕರು ಇವನ್ನು ಕೇಳಿ ಗಾಬರಿಯಾಗುವುದೂ ಸಹಜವೇ.

ಮೋಟಾರು ಹಾಡುವುದು ಮಾತ್ರ ಹೊಸದಲ್ಲ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ನಮ್ಮ ಮೆಟ್ರೊ ಓಡಲು ಶುರುವಾದಾಗಿನಿಂದ, ರೈಲು ನಿಲ್ದಾಣ ಬಿಡುವಾಗ ಏರುತ್ತ ಹೋಗುವ ಆ ಸ್ವರವನ್ನು ಬೆಂಗಳೂರಿನವರು ಕೇಳುತ್ತಲೇ ಇದ್ದಾರೆ. ಇನ್ವರ್ಟರು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಕಡಿದು ಜೋಡಿಸುವಾಗ ಮೋಟಾರಿನ ಕಬ್ಬಿಣವೇ ಅದುರಿ ಹೊರಡುವ ದನಿ ಅದು. ಕಾರಿನಲ್ಲೂ ಅದೇ ಕೆಲಸ ನಡೆಯುತ್ತದೆ, ಸಣ್ಣ ಪ್ರಮಾಣದಲ್ಲಿ.

ಈ ಕಡಿದು ಜೋಡಿಸುವ ಕೆಲಸದಲ್ಲೇ ಒಂದು ರೋಗದ ಬೀಜವೂ ಇದೆ, ಅದರ ಕಥೆ ಕಾರಿಗಿಂತ ಹಳೆಯದು. ತಿರುಗುವ ಯಂತ್ರದ ಶಾಫ್ಟಿನಲ್ಲಿ ಬೇಡದ ವಿದ್ಯುತ್ತು ಹರಿದು ಬೇರಿಂಗನ್ನು ತಿನ್ನುತ್ತದೆ ಎಂದು ದೊಡ್ಡ ಜನರೇಟರುಗಳ ಎಂಜಿನಿಯರುಗಳು 1920ರ ದಶಕದಲ್ಲೇ ಬರೆದಿದ್ದರು. 1990ರ ದಶಕದಲ್ಲಿ ಕಾರ್ಖಾನೆಯ ಮೋಟಾರುಗಳಿಗೆ ಇನ್ವರ್ಟರಿನಿಂದ ವೇಗ ನಿಯಂತ್ರಿಸುವ ವಿಎಫ್‌ಡಿಗಳು ವ್ಯಾಪಕವಾದವು. ವಿದ್ಯುತ್ ಉಳಿಯಿತು, ಆದರೆ ವರ್ಷಗಟ್ಟಲೆ ಬಾಳಬೇಕಿದ್ದ ಬೇರಿಂಗುಗಳು ಬೇಗ ಬೇಗ ಊಳಿಡತೊಡಗಿದವು. ಇನ್ವರ್ಟರು ಕೊಡುವ ಮೂರು ಫೇಸುಗಳ ವೋಲ್ಟೇಜು ಕೂಡಿದರೆ ಸೊನ್ನೆಯಾಗುವುದಿಲ್ಲ. ಉಳಿದದ್ದು ಶಾಫ್ಟಿನ ಮೇಲೆ ಶೇಖರವಾಗುತ್ತದೆ. ಬೇರಿಂಗಿನ ಗುಂಡಿಗೂ ಅದು ಉರುಳುವ ರೇಸಿಗೂ ನಡುವೆ ಇರುವುದು ಗ್ರೀಸಿನ ತೆಳುಪೊರೆ ಮಾತ್ರ. ವೋಲ್ಟೇಜು ಮಿತಿ ಮೀರಿದಾಗ ಆ ಪೊರೆಯನ್ನು ಸೀಳಿ ಕಿಡಿ ಹಾರುತ್ತದೆ, ಹಾರಿದ ಜಾಗದಲ್ಲಿ ಲೋಹ ಕರಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಯಾಗುತ್ತದೆ.

ಅಂಥ ಬೇರಿಂಗನ್ನು ಕತ್ತರಿಸಿ ರೇಸನ್ನು ಬೆಳಕಿಗೆ ಹಿಡಿದರೆ, ಕನ್ನಡಿಯಂತೆ ಹೊಳೆಯಬೇಕಾದ ಉಕ್ಕಿನ ಮೇಲೆ ಅಡ್ಡಡ್ಡಲಾಗಿ ಬೂದುಬಣ್ಣದ ಗೆರೆಗಳು ಎದ್ದಿರುತ್ತವೆ, ಒಂದೊಂದರ ನಡುವೆಯೂ ಅಳೆದಿಟ್ಟಷ್ಟು ಸಮ ಅಂತರ. ಉಗುರು ಆಡಿಸಿದರೆ ಏರುತಗ್ಗು ತಿಳಿಯುತ್ತದೆ. ಗ್ರೀಸು ಸುಟ್ಟು ಕಪ್ಪಾಗಿರುತ್ತದೆ. ಗುಂಡುಗಳು ಆ ಗೆರೆಗಳ ಮೇಲೆ ಉರುಳುವಾಗಲೇ ಆ ಊಳು ಹುಟ್ಟುವುದು. ಕಾರಿನ ಮೋಟಾರಿಗೂ ಇದೇ ಕಾಯಿಲೆ ಬರುತ್ತದೆ. ಅದಕ್ಕೆಂದೇ ಈಗ ಹಲವು ಮೋಟಾರುಗಳಲ್ಲಿ ವಿದ್ಯುತ್ ಹರಿಯದ ಸೆರಾಮಿಕ್ ಗುಂಡುಗಳ ಬೇರಿಂಗ್ ಹಾಕುತ್ತಾರೆ, ಇಲ್ಲವೇ ಶಾಫ್ಟಿನ ವಿದ್ಯುತ್ತನ್ನು ಸೀದಾ ಹೊರಕವಚಕ್ಕೆ ಇಳಿಸುವ ಗ್ರೌಂಡಿಂಗ್ ರಿಂಗ್ ಕೂರಿಸುತ್ತಾರೆ.

ಆದರೆ ಗುಂಯ್ ಎಂದದ್ದೆಲ್ಲ ಬೇರಿಂಗ್ ಅಲ್ಲ, ಬೇರಿಂಗ್ ಆದರೂ ಮೋಟಾರಿನದೇ ಆಗಬೇಕಿಲ್ಲ. ಇದನ್ನು ಬಿಡಿಸುವ ಲೆಕ್ಕ ನನಗೆ ಈ ವಿದ್ಯೆಯಲ್ಲೇ ಅತ್ಯಂತ ಚೆಲುವಾದ ಭಾಗ. ಸಾಮಾನ್ಯ ಕಾರಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 60 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1000 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 500 ಸುತ್ತು, ಸೆಕೆಂಡಿಗೆ ಎಂಟಕ್ಕಿಂತ ತುಸು ಹೆಚ್ಚು. ಬಹುತೇಕ ಎಲೆಕ್ಟ್ರಿಕ್ ಕಾರುಗಳಿಗೆ ಒಂದೇ ಗಿಯರ್. ಅದರ ಅನುಪಾತ 9 ಎಂದಿಟ್ಟುಕೊಂಡರೆ ಮೋಟಾರು ನಿಮಿಷಕ್ಕೆ 4500 ಸುತ್ತು, ಸೆಕೆಂಡಿಗೆ 75. ಮೋಟಾರಿನ ಶಾಫ್ಟಿನ ಗಿಯರಿಗೆ 25 ಹಲ್ಲುಗಳಿದ್ದರೆ ಸೆಕೆಂಡಿಗೆ 1875 ಸಲ ಹಲ್ಲಿಗೆ ಹಲ್ಲು ತಾಗುತ್ತದೆ. ಹೀಗಾಗಿ 60ರ ವೇಗದಲ್ಲಿ 1875 ಹರ್ಟ್ಸ್‌ನ ತೀಕ್ಷ್ಣ ಸಿಳ್ಳೆ ಕೇಳಿಸಿದರೆ ಅದು ಗಿಯರಿನದು, ಸೆಕೆಂಡಿಗೆ ಎಂಟು ಬಾರಿ ದಬದಬ ಎಂದರೆ ಟೈರೋ ಚಕ್ರವೋ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಹೆಚ್ಚುಕಡಿಮೆ 2000ದಿಂದ 5000 ಹರ್ಟ್ಸ್‌ವರೆಗೆ. ಗಿಯರಿನ ಸಿಳ್ಳೆ ಅದರ ಹೊಸಿಲಲ್ಲೇ ನಿಂತಿರುವುದರಿಂದ ಅಷ್ಟು ಕಾಡುತ್ತದೆ. ಕಂಪನಿಗಳ ಪ್ರಯೋಗಾಲಯಗಳಲ್ಲಿ ಸೆನ್ಸರುಗಳನ್ನು ಅಂಟಿಸಿ ಕಂಪ್ಯೂಟರಿನಲ್ಲಿ ಮಾಡುವುದೂ ಮೂಲದಲ್ಲಿ ಇದೇ ಲೆಕ್ಕವನ್ನು.

ಉಪಕರಣ ಇಲ್ಲದಿದ್ದರೂ ಬಲ್ಲ ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಕೂತು ಪ್ರಶ್ನೆ ಕೇಳುತ್ತಾನೆ: “ಸರ್, ಒತ್ತಿದಾಗ ಜಾಸ್ತಿ ಆಗುತ್ತಾ, ಕಾಲು ತೆಗೆದಾಗಲಾ?” ಪೆಡಲಿನಿಂದ ಕಾಲು ತೆಗೆದ ಕೂಡಲೇ ಮೋಟಾರು ಜನರೇಟರ್ ಆಗುತ್ತದೆ, ಗಿಯರಿನ ಹಲ್ಲುಗಳ ಇನ್ನೊಂದು ಮಗ್ಗುಲಿಗೆ ಒತ್ತಡ ಬೀಳುತ್ತದೆ. ಆ ಗಳಿಗೆಯಲ್ಲಿ ದನಿ ಬದಲಾದರೆ ಅನುಮಾನ ಗಿಯರ್‌ಬಾಕ್ಸಿನತ್ತ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಅದೇ ಗುಂಯ್ ಉಳಿದರೆ ಚಕ್ರದ ಬೇರಿಂಗು, ಟೈರುಗಳನ್ನೂ ನೋಡಬೇಕು. ಕಾರು ಬಲಕ್ಕೆ ತಿರುಗುವಾಗ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಮುಂದೆ ಹೋಗಿ ಹಿಂದೆ ತೆಗೆಯುವಾಗ ಒಂದೇ ಸಲ ಟಕ್ ಎಂದರೆ ಆಕ್ಸಲ್ಲಿನ ಜೋಡಣೆ ಒಣಗಿರಬಹುದು. ಮಳೆಯ ಮರುದಿನ ಬೆಳಿಗ್ಗೆ ಕರಕರ ಎಂದು, ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದ ಮೇಲೆ ನಿಂತರೆ ಅದು ಡಿಸ್ಕಿನ ತುಕ್ಕು. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಈ ಕಾರುಗಳ ಡಿಸ್ಕಿಗೆ ಉಜ್ಜಾಟ ಕಡಿಮೆ.

ವಿಚಿತ್ರವೆಂದರೆ, ಸದ್ದಿಲ್ಲದ ಕಾರಿಗೆ ಕಾನೂನೇ ಸದ್ದು ಕೊಟ್ಟಿದೆ. ದೃಷ್ಟಿಯಿಲ್ಲದವರಿಗೆ ಕಾರು ಬಂದದ್ದು ಗೊತ್ತಾಗದೆ ಅಪಾಯ ಎಂಬ ಕಾರಣಕ್ಕೆ ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾಡೆಲ್‌ಗಳಿಗೆ, 2021ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೆ ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಸದ್ದು ಕಡ್ಡಾಯವಾಯಿತು. ನಿಧಾನವಾಗಿ ಹೋಗುವಾಗ ಮಾತ್ರ ಬಂದು, ವೇಗ ಏರಿದ ಕೂಡಲೇ ನಿಲ್ಲುವ ಗುನುಗು ನಿಮ್ಮ ಕಾರಿನಲ್ಲಿದ್ದರೆ ಮೊದಲು ಮಾಲೀಕರ ಕೈಪಿಡಿ ತೆರೆಯಿರಿ.

ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಎಂಬ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದದ್ದು 2001ರಲ್ಲಿ. ಇಷ್ಟು ಬೇಗ ಅಂಥ ಕಾರು ಕಂಡ ರಾಜ್ಯದಲ್ಲಿ ಅದರ ಸದ್ದು ಬಲ್ಲ ಕಿವಿಗಳು ಇಂದು ಬೀದಿಬೀದಿಯ ಗ್ಯಾರೇಜುಗಳಲ್ಲಿ ಇರಬೇಕಿತ್ತು. ಆದರೆ ಗ್ಯಾರೇಜಿನವರು ಈ ಕಾರುಗಳನ್ನು ಮುಟ್ಟಲು ಹಿಂಜರಿಯುವುದಕ್ಕೆ ಕಾರಣವಿದೆ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿರುವ ನೂರಾರು ವೋಲ್ಟು ಪ್ರಾಣ ತೆಗೆಯಬಲ್ಲದು, ಅದನ್ನು ಸುರಕ್ಷಿತವಾಗಿ ಕಡಿತಗೊಳಿಸುವ ತರಬೇತಿಯಿಲ್ಲದೆ ಯಾರೂ ಕೈ ಹಾಕಕೂಡದು. ಆ ತರಬೇತಿಯನ್ನೂ ದುರಸ್ತಿ ಕೈಪಿಡಿಗಳನ್ನೂ ಕಂಪನಿಗಳು ಸರ್ವೀಸ್ ಸೆಂಟರಿನ ಗೋಡೆಯಾಚೆಗೆ ತರಬೇಕು, ನಮ್ಮ ಐಟಿಐಗಳು ಪಾಠವಾಗಿ ಕಲಿಸಬೇಕು. ಹಾಗಾಗದಿದ್ದರೆ ಐದು ರೂಪಾಯಿಯ ಟೈ ಸಾಲುವಲ್ಲಿ ಯೂನಿಟ್ ಬದಲಿಸುವುದು ಇಲ್ಲಿಯೂ ರೂಢಿಯಾಗುತ್ತದೆ. ವಾರಂಟಿ ಮುಗಿದ ಮೇಲೆ ಆ ಬಿಲ್ಲು ಮಾಲೀಕರ ತಲೆಗೇ ಬರುತ್ತದೆ.

ಕಾರು ಸದ್ದು ಮಾಡಿದರೆ ಯಾವ ವೇಗದಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ, ಯಾವ ತಿರುವಿನಲ್ಲಿ ಬಂತು ಎಂದು ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಲು ಪಕ್ಕದಲ್ಲಿ ಕೂತವರಿಗೆ ಹೇಳಿ. ಯೂನಿಟ್ ಬದಲಿಸಬೇಕು ಎಂದು ಸರ್ವೀಸ್ ಸೆಂಟರಿನವರು ಹೇಳಿದರೆ, ಸದ್ದು ಯಾವ ಭಾಗದ್ದು, ಹಾಗೆಂದು ಹೇಗೆ ಗೊತ್ತಾಯಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.